ಜಾಮೀನಿಗೆ ನಿಂತ ಚಿಕ್ಕಪ್ಪ

ಅಪ್ಪ ತೀರಿಕೊಂಡಾಗ ತಮ್ಮ ಕರಾವಳಿಯ ಒಂದು ಸಣ್ಣ ನಗರದ ಜೈಲಿನಲ್ಲಿದ್ದ. ಮಂಡಿಕಲ್ ಕಡೆಯಿಂದ ಟೊಮೆಟೊ ಲೋಡು ತೆಗೆದುಕೊಂಡು ಹೋದವನು ಇಳಿಸುವ ಜಾಗದಲ್ಲಿ ಜಗಳವಾಡಿ ಒಬ್ಬನ ತಲೆಗೆ ಕ್ರೇಟಿನಿಂದ ಹೊಡೆದಿದ್ದ. ಜಾಮೀನು ಮಂಜೂರಾಗಿತ್ತು. ಜಮೀನಿರುವ ಒಬ್ಬರು ಕೋರ್ಟಿಗೆ ಬಂದು ಹೊಣೆ ನಿಲ್ಲಬೇಕಿತ್ತು, ಅಷ್ಟೇ. ಅದಕ್ಕೆಂದು ಅಪ್ಪ ಪಹಣಿ ತೆಗೆಸಿ, ಒಗೆದ ಪಂಚೆಯ ಜೊತೆ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಹೊರಡುವ ಹಿಂದಿನ ದಿನ ಹೊಲದಲ್ಲಿ ಕುಸಿದರು. ಚಿಕ್ಕಬಳ್ಳಾಪುರದ ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು.

ಇದ್ದೊಬ್ಬ ಮಗ ಜೈಲಿನಲ್ಲಿದ್ದ, ನಾನು ಹೆಣ್ಣು, ಹಾಗಾಗಿ ಚಿಕ್ಕಪ್ಪನೇ ಕ್ರಿಯೆಗೆ ಕೂತರು. ನಮ್ಮ ಮನೆತನದಲ್ಲಿ ಕ್ರಿಯೆಗೆ ಕೂತವರು ಅಂದೇ ತಲೆ, ಮೀಸೆ ಎರಡನ್ನೂ ಬೋಳಿಸಿಕೊಳ್ಳಬೇಕು. ಸೂತಕದಲ್ಲಿ ಊರು ದಾಟಬಾರದು ಎಂದು ಹಿರಿಯರು ಅಂದರು. ತಿಥಿಗಾದರೂ ಮಗ ಬರಲಿ ಎಂದು ಅಮ್ಮ ಹಟ ಹಿಡಿದಳು. ಅಲ್ಲಿ ಅವನಿಗೆ ಏನೂ ಹೇಳಬೇಡಿ, ಗುರುತಿಲ್ಲದ ಜನರ ಮುಂದೆ ಅಳುವುದು ಬೇಡ, ಮನೆಗೆ ಬಂದ ಮೇಲೆ ನಾನೇ ಹೇಳುತ್ತೇನೆ ಎಂದಳು. ನಾನು ವಕೀಲರಿಗೂ ಅಪ್ಪನಿಗೆ ಮೈ ಸರಿಯಿಲ್ಲ ಎಂದಷ್ಟೇ ಫೋನು ಮಾಡಿದೆ. ಚಿಕ್ಕಪ್ಪನ ಪಹಣಿ, ಆಧಾರ್ ಕಾರ್ಡು ತೆಗೆದುಕೊಂಡು ಬಸ್ಸು ಹತ್ತಿದೆವು. ಅವರ ಬೋಳುತಲೆಯ ಯೋಚನೆ ನಮಗ್ಯಾರಿಗೂ ಬರಲಿಲ್ಲ.

ಕೋರ್ಟಿನಲ್ಲಿ ತಮ್ಮ ಪೊಲೀಸರ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಗುಮಾಸ್ತರು ಆಧಾರ್ ನೋಡಿದರು, ಚಿಕ್ಕಪ್ಪನನ್ನು ನೋಡಿದರು. ಫೋಟೋದಲ್ಲಿ ಗುಂಗುರು ಕೂದಲು, ತಿರುವಿದ ಮೀಸೆ.

"ಮೀಸೆ ಎಲ್ಲಿ ಮಾರಾಯ್ರೆ, ತಿರುಪತಿಗೆ ಕೊಟ್ರಾ?"

ಹಿಂದೆ ಕೂತವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಬೇರೆಯವರ ಹೆಸರು ಹೇಳಿಕೊಂಡು ಜಾಮೀನು ನಿಲ್ಲುವವರಿದ್ದಾರೆ, ಇವರು ಯಾರೆಂದು ಖಚಿತವಾಗದೆ ಆಗುವುದಿಲ್ಲ ಎಂದರು. ತಲೆ ಯಾಕೆ ಬೋಳಿಸಿದ್ದೀರಿ ಎಂದು ಕೇಳಿದರು. ಚಿಕ್ಕಪ್ಪ ಆಗಲೇ ಪ್ರಮಾಣ ಮಾಡಿದ್ದರು. ನನ್ನ ಕಡೆ ನೋಡಿದರು. ತಿರುಪತಿ ಎಂದುಬಿಡಲಿ ಎಂದುಕೊಂಡೆ. ಅವರು ಬೋಳುತಲೆಯ ಮೇಲೆ ಕೈಯಾಡಿಸಿಕೊಂಡರು.

ತಮ್ಮ ತಲೆ ಎತ್ತಿದ್ದ. ಚಿಕ್ಕಪ್ಪನ ತಲೆಯನ್ನು ನೋಡಿದ, ನನ್ನ ಪಕ್ಕದಲ್ಲಿ ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ.

"ಇವ್ರು ನಮ್ ಚಿಕ್ಕಪ್ಪನೇ ಸ್ವಾಮಿ" ಅಂದ. "ನಮ್ಮಪ್ಪ ಹೋಗ್ಬಿಟ್ಟವ್ರೆ. ಅದಕ್ಕೇ ಬೋಳಿಸ್ಕೊಂಡವ್ರೆ."

ವಿಳಾಸ ಹೇಳುವವನ ಹಾಗೆ ಹೇಳಿದ. ಗುಮಾಸ್ತರು ಕಾರ್ಡನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸತೊಡಗಿದರು. ನ್ಯಾಯಾಧೀಶರು ಪಹಣಿಯ ಹೆಸರನ್ನು ಇನ್ನೊಮ್ಮೆ ನೋಡಿ ಒಪ್ಪಿಕೊಂಡರು. ನನಗೆ ಅಳು ಬರಲಿಲ್ಲ. ಚಿಕ್ಕಪ್ಪ ಸಹಿ ಹಾಕಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದೆ.

ಸಂಜೆ ಅವನನ್ನು ಬಿಟ್ಟರು. ಬಸ್ಸು ಘಾಟಿ ದಾಟಿದ ಮೇಲೆ ತಮ್ಮ ಕೇಳಿದ.

"ಎಲ್ಲಿ ಮಣ್ಣು ಮಾಡಿದ್ರಿ?"

"ಹುಣಸೇಮರದ ಹತ್ರ ಕಣಪ್ಪ, ನಿಮ್ಮಜ್ಜಿ ಪಕ್ಕ" ಅಂದರು ಚಿಕ್ಕಪ್ಪ.

ಹೂಂ ಎಂದು ಕಿಟಕಿಗೆ ಒರಗಿದ.

ಬೆಳಗ್ಗೆ ಚಿಕ್ಕಬಳ್ಳಾಪುರದಲ್ಲಿ ಇಳಿದಾಗ ಬಸ್ ಸ್ಟ್ಯಾಂಡಿನ ಎದುರು ಕಟಿಂಗ್ ಶಾಪಿನವನು ಆಗತಾನೇ ಬಾಗಿಲು ತೆರೆಯುತ್ತಿದ್ದ. ನೀನಿಲ್ಲೇ ಇರಕ್ಕ ಎಂದು ತಮ್ಮ ಒಳಗೆ ಹೋಗಿ ಕೂತ. ಹೇಗೆ ಕತ್ತರಿಸಲಿ ಎಂದು ಶಾಪಿನವನು ಕೇಳಿದ್ದು ನನಗೆ ಹೊರಗೆ ಕೇಳಿಸಿತು.

"ಪೂರ್ತಿ ತೆಗ್ದುಬಿಡಪ್ಪ. ಮೀಸೇನೂ."

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವನ ತಲೆ ನೋಡಿದಳು. ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತನ್ನು ಹೇಳಲಿಲ್ಲ, ಸ್ನಾನಕ್ಕೆ ನೀರು ಕಾದಿದೆ ಎಂದಳು.