ಇಡ್ಲಿ ತಟ್ಟೆಯ ಮೇಲೆ ನಿಂತ ರಾಕೆಟ್ಟು

ನಮ್ಮ ಮಾವನವರ ಬಲಗೈ ಹೆಬ್ಬೆರಳು ಸುಮ್ಮನೆ ಕೂತಿದ್ದಾಗಲೂ ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು. ಟೀವಿ ನೋಡುವಾಗ, ಪೇಪರ್ ಓದುವಾಗ, ಕುರ್ಚಿಯಲ್ಲೇ ತೂಕಡಿಸುವಾಗ. ಮನೆಗೆ ಬಂದ ಹೊಸಬರು ಆ ಕೈಯನ್ನೇ ನೋಡುತ್ತಿದ್ದರೆ ಅವರೇ ಮೊದಲು ಹೇಳಿಬಿಡುತ್ತಿದ್ದರು: “ಡ್ರೈವರ್ ಕೈ ಹೋಗಿ ಕಂಡಕ್ಟರ್ ಕೈ ಆಗ್ಬಿಟ್ಟಿದೆ ಸಾರ್. ಬರೀ ಟಿಕೆಟ್ ಹರೀತಾ ಇದೆ.” ಬಂದವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಕೈಗೆ ಕಾಫಿ ಲೋಟ ಕೊಟ್ಟು, ಆಮೇಲೆ ನೆಲ ಒರೆಸುತ್ತಿದ್ದವಳು ನಾನು.

ಅವರು ಸಿಟಿ ಬಸ್ ಡ್ರೈವರ್ ಆಗಿದ್ದವರು. ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ, ಮೆಜೆಸ್ಟಿಕ್ಕಿನಿಂದ ಕೆಂಗೇರಿಗೆ ಓಡಾಡಿಯೇ ಆಯುಷ್ಯ ಕಳೆದಿದ್ದರು. ರಿಟೈರಾದ ಮೇಲೂ ಒಂದು ಅಭ್ಯಾಸ ಬಿಡಲಿಲ್ಲ. ಯಾರಾದರೂ “ರೈಟ್” ಅನ್ನದೆ ಮನೆಯ ಗೇಟು ದಾಟುತ್ತಿರಲಿಲ್ಲ. ಮೊಸರು ತರಲು ಹೊರಟರೂ ಅಷ್ಟೇ, ಗೇಟಿನ ಹತ್ತಿರ ಬಂದು ನಿಂತುಬಿಡುವರು. ಅಡುಗೆಮನೆಯಲ್ಲಿ ಒಗ್ಗರಣೆ ಸೀದುಹೋಗುತ್ತಿದ್ದರೂ ಅತ್ತೆ ಅಲ್ಲಿಂದಲೇ “ರೈಟ್ ರೈಟ್” ಎಂದು ಕೂಗಬೇಕು. “ಅಷ್ಟು ವರ್ಷ ಬೇರೆಯವ್ರು ರೈಟ್ ಅಂದ್ಮೇಲೇ ಗಾಡಿ ಬಿಟ್ಟಿದ್ದು ಕಣಮ್ಮ. ಈಗ ನಾನಾಗೇ ಹೊರಡು ಅಂದ್ರೆ ಕಾಲು ಏಳಲ್ಲ” ಅನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ತಮಾಷೆ ಅನ್ನಿಸಿತ್ತು, ಆಮೇಲೆ ತಲೆಚಿಟ್ಟು ಹಿಡಿಯಿತು. ರಾಜಾಜಿನಗರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನ ಕೆಲಸ. ಬಸ್ಸು ತಪ್ಪುವ ಹೊತ್ತಿನಲ್ಲಿ ಇವರು ಗೇಟಿಗೆ ಅಡ್ಡ ನಿಂತು ಅಪ್ಪಣೆಗೆ ಕಾಯುತ್ತಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಆಗೆಲ್ಲ ನನ್ನ ಬಾಯಿಂದ ಮಾತ್ರ ಆ “ರೈಟ್” ಒಂದು ದಿನವೂ ಬರಲಿಲ್ಲ.

ಅವರಿಗೆ ಒಂದು ಗೇರಿಲ್ಲದ ಸ್ಕೂಟರಿತ್ತು. ಗೇರಿಲ್ಲದ್ದು ಗಾಡಿಯೇ ಅಲ್ಲ ಎಂದು ಅದನ್ನು ಬೈಯುತ್ತಲೇ ಮಲ್ಲತ್ತಹಳ್ಳಿಯ ನಮ್ಮ ಮನೆಯಿಂದ ವಿಜಯನಗರದ ಮಾರ್ಕೆಟ್ಟಿನವರೆಗೆ ದಿನಾ ಒಂದು ಸುತ್ತು ಹಾಕುತ್ತಿದ್ದರು. ಕೈ ನಡುಕ ಜಾಸ್ತಿಯಾದ ಮೇಲೆ ಒಂದು ದಿನ ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದ ಮೇಲೆ ವಾಲಿಕೊಂಡರು. ಏಟಾಗಲಿಲ್ಲ, ಪುಣ್ಯ. ಡಾಕ್ಟರು ಗಾಡಿ ಮುಟ್ಟಬೇಡಿ ಎಂದರು. ನನ್ನ ಗಂಡ ಕೀ ಕಿತ್ತುಕೊಂಡರು. ಆದರೆ ಅವರು ಅಪ್ಪನ ಮುಖ ಸಣ್ಣಗಾದರೆ ಕರಗಿಹೋಗುವ ಜಾತಿ. ಹಾಗಾಗಿ ಕೀ ನನ್ನ ಬ್ಯಾಗಿನ ಒಳಜೇಬಿಗೆ ಬಂತು, ಕೆಟ್ಟ ಹೆಸರೂ ಅದರ ಜೊತೆಗೇ ಬಂತು. ಮಾವ ನನ್ನ ಹತ್ತಿರ ನೇರ ಮಾತು ಬಿಟ್ಟರು. ಎದುರಿಗೇ ನಿಂತಿದ್ದರೂ ಅತ್ತೆಗೆ ಹೇಳುವರು: “ಆಫೀಸರಮ್ಮನ್ನ ಕೇಳು, ನಡ್ಕೊಂಡು ಹೋಗಕ್ಕಾದ್ರೂ ಪರ್ಮಿಷನ್ ಇದ್ಯಾ ಅಂತ.”

ಅಂಥ ಹೊತ್ತಿನಲ್ಲಿ ರಾಕೆಟ್ಟು ಮನೆ ಹೊಕ್ಕಿತು. ಮಹಡಿ ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗರು ಖಾಲಿ ಮಾಡಿಕೊಂಡು ಹೋದಾಗ ತಾರಸಿಯ ಮೇಲೆ ಒಂದು ಕಬ್ಬಿಣದ ಸ್ಟ್ಯಾಂಡು, ಒಂದು ಸೈಕಲ್ ಪಂಪು ಬಿಟ್ಟುಹೋಗಿದ್ದರು. ತಂಪು ಪಾನೀಯದ ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ ಒಂದಿಷ್ಟು ನೀರು ತುಂಬಿ, ಸ್ಟ್ಯಾಂಡಿನ ಮೇಲೆ ಬಾಯಿ ಕೆಳಗಾಗಿ ನಿಲ್ಲಿಸಿ, ಪಂಪಿನಿಂದ ಗಾಳಿ ತುಂಬಿ ದಾರ ಎಳೆದರೆ, ಬಾಟಲಿ ನೀರು ಕಾರುತ್ತ ಮೇಲಕ್ಕೆ ಹಾರುತ್ತದೆ. ಆ ಹುಡುಗರು ಹಾರಿಸುವಾಗ ಮಾವ ಕೆಳಗಿನಿಂದ ಕತ್ತೆತ್ತಿ ನೋಡುತ್ತಿದ್ದರಂತೆ. ಈಗ ತಾವೇ ಒಂದು ಹಾರಿಸುವ ಹುಚ್ಚು ಹತ್ತಿತು. ಬೇಕಾಗಿದ್ದುದು ಬಾಟಲಿಗೆ ರೆಕ್ಕೆ ಮಾತ್ರ. ರೆಕ್ಕೆ ನೆಟ್ಟಗಿದ್ದರೆ ರಾಕೆಟ್ಟು ನೆಟ್ಟಗೆ ಹೋಗುತ್ತದೆ, ಒಂದು ಚೂರು ಸೊಟ್ಟಗಾದರೂ ಎತ್ತೆತ್ತಲೋ ನುಗ್ಗುತ್ತದೆ.

ರೆಕ್ಕೆಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಬೇಕಿತ್ತು. ಒಂದು ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ಗೇಟಿಗೆ ಕಟ್ಟಿದ್ದ “ಮನೆ ಬಾಡಿಗೆಗಿದೆ” ಬೋರ್ಡು ಮಾಯ! ಅದರ ತುಂಡುಗಳು ಊಟದ ಮೇಜಿನ ಮೇಲೆ ಬಿದ್ದಿವೆ. ಒಂದರ ಮೇಲೆ ಫೋನ್ ನಂಬರಿನ ಅರ್ಧ.

“ಏನ್ ಮಾವ ಇದು? ಬೋರ್ಡಿಲ್ದೆ ಬಾಡಿಗೆಗೆ ಯಾರು ಬರ್ತಾರೆ?”

“ಬರೋರಿಗೆ ಅಡ್ರೆಸ್ ಗೊತ್ತಿರುತ್ತೆ ಅಂತ ಹೇಳು” ಎಂದರು, ಅತ್ತೆಯ ಕಡೆ ತಿರುಗಿ.

ಅವತ್ತಿನಿಂದ ನಮ್ಮ ಊಟ ಟೀವಿ ಮುಂದೆ, ನೆಲದ ಮೇಲೆ. ಮೇಜು ರಾಕೆಟ್ಟಿನದಾಯಿತು. ಮೊದಲು ತಂದದ್ದು ಮುಟ್ಟಿದ ಕೂಡಲೇ ಹಿಡಿಯುವ ಅಂಟು. ರೆಕ್ಕೆಯನ್ನು ಬಾಟಲಿಗೆ ತಾಗಿಸುವ ಹೊತ್ತಿಗೆ ಕೈ ನಡುಗಿ ಅದು ಎಲ್ಲಿ ತಾಗಿತೋ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಒಂದು ಬೆಳಗ್ಗೆ ರೆಕ್ಕೆಯ ಬದಲು ಅವರ ಹೆಬ್ಬೆರಳೇ ಬಾಟಲಿಗೆ ಅಂಟಿತು. ಬಿಸಿನೀರು, ಕೊಬ್ಬರಿ ಎಣ್ಣೆ ಹಾಕಿ ಬಿಡಿಸುವಷ್ಟರಲ್ಲಿ ನನ್ನ ಬಸ್ಸು ಹೋಯಿತು. ನನ್ನ ಗಂಡನಿಗೂ ರೇಗಿತು.

“ಒಂದು ಬಾಟ್ಲಿಗೆ ರೆಕ್ಕೆ ಅಂಟ್ಸಕ್ಕೆ ಆಗ್ತಿಲ್ಲ, ಸ್ಕೂಟರ್ ಬೇಕಂತೆ ಸ್ಕೂಟರ್!”

ಮಾವ ಎಣ್ಣೆ ಸುರಿಯುತ್ತಿದ್ದ ಬೆರಳನ್ನು ಒರೆಸಿಕೊಂಡರು. “ಅಂಟಿಸ್ತೀನಿ. ನನ್ನ ಕೈಯಲ್ಲೇ ಅಂಟಿಸಿ ನೆಟ್ಟಗೆ ಹಾರಿಸ್ತೀನಿ. ಆವಾಗ ಕೀ ಕೊಡ್ತೀಯಾ?”

“ಕೊಡ್ತೀನಿ ಹೋಗಿ.”

ಅಯ್ಯೋ ದೇವರೇ ಅನ್ನಿಸಿತು. ಕೀ ಇದ್ದದ್ದು ನನ್ನ ಬ್ಯಾಗಿನಲ್ಲಿ, ಮಾತು ಕೊಟ್ಟದ್ದು ಇವರು.

ಮೊದಲ ರಾಕೆಟ್ಟಿಗೆ ಮೂರು ರೆಕ್ಕೆ. ಅಂಟಿಸುವ ಕಷ್ಟ ಒಂದು ಕಡಿಮೆಯಾಗಲಿ ಎಂದು ಮೂರು. ಅತ್ತೆ ನೋಡಿದ ಕೂಡಲೇ ತಕರಾರು ತೆಗೆದರು. ನಮ್ಮ ಅತ್ತೆ ತಟ್ಟೆಗೆ ಮೂರು ದೋಸೆ ಹಾಕುವವರಲ್ಲ. ಮೂರು ಸಾಕು ಎಂದರೆ ನಾಲ್ಕನೆಯದನ್ನು ಮುರಿದು ಒಂದು ಚೂರಾದರೂ ಸೇರಿಸುತ್ತಾರೆ. ಒಳ್ಳೆಯ ಕೆಲಸಕ್ಕೆ ಮೂರು ಜನ ಒಟ್ಟಿಗೆ ಹೊರಡಲು ಬಿಡುವುದಿಲ್ಲ.

“ಮೂರು ಬೇಡಾ ರೀ. ನಾಲ್ಕು ಮಾಡಿ.”

“ರಾಕೆಟ್ನ ಹೆಣ್ಣು ನೋಡಕ್ಕೆ ಕಳಿಸ್ತಾ ಇದೀನೇನೇ?”

ಪಕ್ಕದ ಖಾಲಿ ಸೈಟಿನಲ್ಲಿ ಸ್ಟ್ಯಾಂಡು ಹೂಡಿದರು. ಗಾಳಿ ಹೊಡೆಯುವ ಕೆಲಸ ನನ್ನದು. ಅಂಟಿಸುವುದು ಮಾತ್ರ ತಮ್ಮ ಕೈಯಲ್ಲೇ ಆಗಬೇಕು, ಮಿಕ್ಕಿದ್ದಕ್ಕೆ ಆಳು ನಡೆಯುತ್ತದೆ ಎಂದು ಅವರೇ ತೀರ್ಮಾನಿಸಿದ್ದರು. ದಾರ ಹಿಡಿದು ನಿಂತರು. ಎಳೆಯಲೇ ಇಲ್ಲ. ಕಾಂಪೌಂಡಿನ ಆಚೆಯಿಂದ ಅತ್ತೆ “ರೈಟ್” ಅನ್ನುವವರೆಗೂ ನಾನು ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ. ಬಾಟಲಿ ನಮ್ಮೆಲ್ಲರ ಮೇಲೆ ನೀರು ಸುರಿದು ಓರೆಯಾಗಿ ನುಗ್ಗಿ ಎದುರು ಮನೆಯ ತಾರಸಿಯಲ್ಲಿ ಒಣಗಲು ಹಾಕಿದ್ದ ಸೀರೆಗಳ ಮಧ್ಯೆ ಹೋಗಿ ಬಿತ್ತು. “ನಾನ್ ಹೇಳಿದ್ದೆ, ಮೂರು ಬೇಡ ಅಂತ” ಎಂದರು ಅತ್ತೆ. ಕ್ಷಮೆ ಕೇಳಿ ಬಾಟಲಿ ತರಲು ಹೋದವಳು ನಾನೇ.

ಆಮೇಲೆ ನಾಲ್ಕು ರೆಕ್ಕೆಯದು. ಅದೂ ಸೊಟ್ಟ. ಅಂಟು ಬದಲಾಯಿಸಿದರು: ಎರಡು ಟ್ಯೂಬಿನಿಂದ ಹಿಂಡಿ ಬೆರೆಸಿ ಹಚ್ಚುವ, ನಿಧಾನವಾಗಿ ಒಣಗುವ ಅಂಟು. ಅದು ಒಣಗುವವರೆಗೆ ರೆಕ್ಕೆ ಹಿಡಿದುಕೊಂಡಿರಬೇಕು, ಆ ಕೈಯಲ್ಲಿ ಹಿಡಿದರೆ ರೆಕ್ಕೆಯೂ ನಡುಗುತ್ತಲೇ ಒಣಗುತ್ತಿತ್ತು. ಭಾನುವಾರ ಬಂತೆಂದರೆ ಇದೇ ಗೋಳು. ಒಂದು ರಾಕೆಟ್ಟು ಚರಂಡಿಗೆ, ಇನ್ನೊಂದು ತೆಂಗಿನ ಮರಕ್ಕೆ, ಇನ್ನೊಂದು ಬುಗುರಿಯ ಹಾಗೆ ಸುತ್ತಿಕೊಂಡು ನಮ್ಮದೇ ಕಿಟಕಿಗೆ. ನಿಜ ಹೇಳಬೇಕೆಂದರೆ, ಅದು ಸೊಟ್ಟಗೆ ಹೋದಾಗಲೆಲ್ಲ ನನಗೆ ಸಮಾಧಾನವಾಗುತ್ತಿತ್ತು: ಸದ್ಯ, ಕೀ ಬ್ಯಾಗಿನಲ್ಲೇ ಉಳಿಯಿತು. ಮರುಕ್ಷಣ ಅವರ ಮುಖ ನೋಡಿದರೆ ಆ ಸಮಾಧಾನದ ಮೇಲೇ ಸಿಟ್ಟು ಬರುತ್ತಿತ್ತು. ಯಾವ ಕಡೆ ಪ್ರಾರ್ಥನೆ ಮಾಡಬೇಕೆಂದೇ ತಿಳಿಯದೆ ಗಾಳಿ ಹೊಡೆಯುತ್ತಿದ್ದೆ.

ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತ ಒಳಗಿದ್ದೆ. ಮೇಜಿನ ಹತ್ತಿರ ಪಟ್ ಪಟ್ ಎಂದು ಸದ್ದು. ಬಗ್ಗಿ ನೋಡಿದರೆ ಮಾವ ಎಡಗೈಯಿಂದ ಬಲಗೈಗೆ ಹೊಡೆಯುತ್ತಿದ್ದಾರೆ. “ನಿಲ್ಲೋ! ಒಂದು ನಿಮಿಷ ನಿಲ್ಲೋ ಹಾಳಾದವ್ನೇ!” ಎಂದು ಸ್ವಂತ ಕೈಯನ್ನು ಬೈಯುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ.

“ಕೊಡಿ ಮಾವ, ನಾನು ಹಿಡ್ಕೋತೀನಿ. ಯಾರಿಗೂ ಹೇಳಲ್ಲ.”

ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದರು. “ನೀನು ಹಿಡಿದ್ರೆ ಅದು ನಿನ್ನ ರಾಕೆಟ್ ಆಗುತ್ತೆ ಕಣಮ್ಮ. ಬಿಟ್ಬಿಡು.”

ಬಿಟ್ಟುಬಿಟ್ಟೆ. ಇಷ್ಟು ಹಟ ಇದ್ದರೆ ಯಾರೇನು ಮಾಡಲಾಗುತ್ತದೆ!

ಮುಂದಿನ ಭಾನುವಾರ ಇಡ್ಲಿ. ಮೊದಲ ಸುತ್ತು ಬೇಯಿಸಿ, ತಟ್ಟೆಗಳನ್ನು ತೊಳೆದು ನೀರಿಳಿಯಲೆಂದು ಕಟ್ಟೆಯ ಮೇಲೆ ಬೋರಲು ಹಾಕಿದ್ದೆ. ಮಾವ ಕಾಫಿಗೆ ಬಂದವರು ಅದನ್ನೇ ನೋಡುತ್ತ ನಿಂತರು. ನಾನು ಚಟ್ನಿ ರುಬ್ಬಿ ತಿರುಗುವಷ್ಟರಲ್ಲಿ ಒಂದು ತಟ್ಟೆ ಇಲ್ಲ, ಅವರೂ ಇಲ್ಲ. ಹಿಟ್ಟು ಕಾಯುತ್ತಿದೆ, ನೀರು ಕುದಿಯುತ್ತಿದೆ, ತಟ್ಟೆ ಎಲ್ಲಿ? ಕೂಗಾಡುತ್ತ ಹೊರಗೆ ಬಂದೆ. ತಟ್ಟೆ ಊಟದ ಮೇಜಿನ ಮೇಲೆ ಬೋರಲಾಗಿತ್ತು. ಬೋರಲು ಹಾಕಿದರೆ ಇಡ್ಲಿಯ ನಾಲ್ಕು ಗುಳಿಗಳು ನಾಲ್ಕು ಉಬ್ಬುಗಳಾಗುತ್ತವಲ್ಲ, ಎರಡೆರಡು ಉಬ್ಬಿನ ನಡುವೆ ಒಂದೊಂದು ಸಂದು. ನಡುವೆ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ನಾಲ್ಕು ರೆಕ್ಕೆಗಳ ತುದಿಯನ್ನು ನಾಲ್ಕು ಸಂದಿಗೆ ಸಿಕ್ಕಿಸಿದ್ದರು. ಮೇಲೆ ಬಿಗಿಯಾಗಿ ನನ್ನ ತಲೆಯ ರಬ್ಬರ್ ಬ್ಯಾಂಡು. ಕೈ ನಡುಗುತ್ತಲೇ ಇತ್ತು. ರೆಕ್ಕೆ ಮಾತ್ರ ಅಲ್ಲಾಡುತ್ತಿರಲಿಲ್ಲ.

“ಈ ಕೈ ಏನಾದ್ರೂ ಮಾಡ್ಕೊಳ್ಲಿ” ಎಂದರು, “ಅದು ಅಲ್ಲಿಂದ ಕದಲಂಗಿಲ್ಲ.”

ಅತ್ತೆ ಬಂದು ನೋಡಿ, “ಇದಕ್ಕೇ ನಾನು ಮೂರು ಗುಳಿ ತಟ್ಟೆ ತರ್ಲಿಲ್ಲ” ಎಂದು ಹೆಮ್ಮೆಯಿಂದ ಒಳಗೆ ಹೋದರು. ಅವತ್ತು ಅರ್ಧ ಹಿಟ್ಟಿಗೆ ದೋಸೆ ಹುಯ್ದೆ.

ಸಂಜೆ ಖಾಲಿ ಸೈಟಿಗೆ ಹೋದೆವು. ತೋಳು ಬೀಳುವವರೆಗೆ ಗಾಳಿ ಹೊಡೆದೆ. ಮಾವ ದಾರ ಹಿಡಿದು ಕಾದರು. ಅತ್ತೆ ಇನ್ನೂ ಚಪ್ಪಲಿ ಹುಡುಕುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು, ಕಿರುಚಿಬಿಟ್ಟೆ: “ರೈಟ್! ರೈಟ್ ಮಾವ, ಎಳೀರಿ!” ಅವರು ನನ್ನತ್ತ ಒಮ್ಮೆ ನೋಡಿ ಎಳೆದರು. ರಾಕೆಟ್ಟು ಎದ್ದಿತು. ತೆಂಗಿನ ಮರ ದಾಟಿತು, ಎದುರು ಮನೆಯ ನೀರಿನ ಟ್ಯಾಂಕು ದಾಟಿತು, ಎಲ್ಲೂ ವಾಲದೆ ನೆಟ್ಟಗೆ ಹೋಯಿತು. ನಾನು ಪಂಪು ಬಿಸಾಡಿ ಕುಣಿದಾಡಿದೆ. ಆಮೇಲೆ ಕೀ ನೆನಪಾಯಿತು.

ನನ್ನ ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊಟ್ಟ ಮಾತು. ಬ್ಯಾಗಿನಿಂದ ತಂದು ಕೊಟ್ಟೆ.

ಸ್ಕೂಟರು ಮೆಟ್ಟಿಲ ಕೆಳಗೆ ಹಳೆಯ ಬೆಡ್‌ಶೀಟು ಹೊದ್ದು ನಿಂತಿತ್ತು. ಮಾವ ಅದನ್ನು ಸರಿಸಿ, ಸೀಟು ಒರೆಸಿ, ಕೂತರು. ಕೀ ಹಾಕಲು ಹೋದರು. ಕೀಯ ತುದಿ ತೂತಿನ ಸುತ್ತ ಕಿರ್ ಕಿರ್ ಎಂದು ಗೀಚಿತು, ಒಳಗೆ ಹೋಗಲಿಲ್ಲ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡರು. ಮತ್ತೆ ಕಿರ್ ಕಿರ್. ನನ್ನ ಗಂಡ ಮುಂದೆ ಹೆಜ್ಜೆ ಇಟ್ಟರು, ನಾನು ಅವರ ಅಂಗಿ ಹಿಡಿದು ಎಳೆದೆ. ನಾವು ಹಿಡಿದರೆ ಅದು ನಮ್ಮ ರಾಕೆಟ್ಟಾಗುತ್ತದೆ. ಹಿಡಿಯದೆ ನಿಂತು ನೋಡುವುದಿದೆಯಲ್ಲ, ಅಂಥ ಕಷ್ಟ ನನ್ನ ಶತ್ರುವಿಗೂ ಬೇಡ.

ಸ್ವಲ್ಪ ಹೊತ್ತಿನ ಮೇಲೆ ಇಳಿದು ಬಂದು ಕೀಯನ್ನು ನನ್ನ ಕೈಗೇ ಕೊಟ್ಟರು.

“ಇದಕ್ಕೂ ಒಂದು ಇಡ್ಲಿ ತಟ್ಟೆ ಬೇಕು ಕಣಮ್ಮ. ಎಲ್ಲಿಂದ ತರೋಣ?”

ನನಗೆ ಯಾರ ಮೇಲೆ ಸಿಟ್ಟು ಬಂತೋ ಗೊತ್ತಿಲ್ಲ. ಆ ಕೈ ಮೇಲೋ, ಆ ತೂತಿನ ಮೇಲೋ, ದೇವರ ಮೇಲೋ. ಅಳು ಬರುವಷ್ಟು ಸಿಟ್ಟು. “ನಂಗೆ ಸ್ಕೂಟರ್ ಬರಲ್ಲ” ಎಂದು ಜಗಳಕ್ಕೆ ನಿಂತವಳ ಹಾಗೆ ಕೂಗಿದೆ. “ನೀವು ಕಲಿಸ್ತೀರೋ ಇಲ್ವೋ?”

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬಾಯಿ ಜೋರಿದೆ. ಬೆಂಗಳೂರಲ್ಲಿ ಗಾಡಿ ಓಡ್ಸಕ್ಕೆ ಅದೇ ಮುಖ್ಯ.”

ನಾಗರಬಾವಿ ಕಡೆಯ ಖಾಲಿ ರಸ್ತೆಗಳಲ್ಲಿ ಬೆಳಗಿನ ಹೊತ್ತು ಕಲಿಸಿದರು. ಕಲಿಸಿದ್ದೇನು, ಬೈದರು. ಹಿಂದೆ ಕೂತು ಬಲಗೈ ನನ್ನ ಭುಜದ ಮೇಲೆ ಇಟ್ಟುಕೊಂಡಿರುವರು. ಅದು ಅಲ್ಲೂ ಟಿಕೆಟ್ ಹರಿಯುತ್ತಿತ್ತು. ಜೋರಾಗಿ ಬ್ರೇಕ್ ಹಿಡಿದರೆ ಕಿವಿಯ ಹತ್ತಿರ ಕೂಗು: “ನಿಂತಿರೋ ಪ್ಯಾಸೆಂಜರೆಲ್ಲ ಬಿದ್ದೋದ್ರು ನೋಡು! ಮುದುಕಿ ಹಲ್ಲು ಹೋಯ್ತು!” ಎರಡೇ ಸೀಟಿನ ಗಾಡಿಯಲ್ಲಿ ಅದ್ಯಾವ ಮುದುಕಿಯೋ. ಗಾಡಿ ರಸ್ತೆ ಮಧ್ಯೆ ನಿಲ್ಲಿಸಿ ಇಳಿದು ನಡೆದುಬಿಡೋಣ ಅನ್ನಿಸಿದ ದಿನಗಳುಂಟು. ಭೇಷ್ ಎಂದು ಒಂದು ದಿನವೂ ಅನ್ನಲಿಲ್ಲ. ಆದರೆ ವಿಜಯನಗರದ ಮಾರ್ಕೆಟ್ಟಿಗೆ ಮತ್ತೆ ಹೋಗತೊಡಗಿದರು, ನನ್ನ ಹಿಂದೆ ಕೂತು. ಪರಿಚಯದವರು ಸಿಕ್ಕರೆ “ನಮ್ಮ ಡ್ರೈವರ್ರು” ಎಂದು ನನ್ನನ್ನು ತೋರಿಸುತ್ತಿದ್ದರು.

ಹೋದ ಮಳೆಗಾಲದಲ್ಲಿ ಜ್ವರ ಬಂದು ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಕೊನೆಯ ಸಲ ಮಾತಾಡಿದಾಗ ನಾನು ಕೆಲಸ ಮುಗಿಸಿ ಮಳೆಯಲ್ಲೇ ಸ್ಕೂಟರಿನಲ್ಲಿ ಹೋಗಿದ್ದೆ. ತೊಟ್ಟಿಕ್ಕುತ್ತಿದ್ದ ನನ್ನ ರೈನ್‌ಕೋಟು ನೋಡಿ ಕಷ್ಟಪಟ್ಟು ಕೇಳಿದರು, “ಎಷ್ಟು ಜನ ಬಿದ್ರು?”

“ಯಾರೂ ಬೀಳ್ಲಿಲ್ಲ ಮಾವ.”

ತಲೆ ಆಡಿಸಿ ಕಣ್ಣು ಮುಚ್ಚಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಸಿಗಲಿಲ್ಲ. ಇನ್ನೊಂದು ದಿನ ಇದ್ದಿದ್ದರೆ ಬಾಯಿಬಿಟ್ಟು ಹೇಳಿಸುತ್ತಿದ್ದೆ. ಅವರು ಅಷ್ಟಕ್ಕೂ ಅವಕಾಶ ಕೊಡಲಿಲ್ಲ.

ಈಗ ಬೆಳಗ್ಗೆ ನಾನು ಹೆಲ್ಮೆಟ್ ಹಾಕಿ, ಕೀ ತಿರುಗಿಸಿ, ಸ್ಕೂಟರನ್ನು ಗೇಟಿನವರೆಗೆ ತಂದು ನಿಲ್ಲಿಸುತ್ತೇನೆ. ಅತ್ತೆಗೆ ಕಿವಿ ಮಂದವಾಗಿದೆ, ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿರುತ್ತದೆ. ಹಾರನ್ ಹೊಡೆಯುತ್ತೇನೆ, ಕೂಗುತ್ತೇನೆ. ಕೆಲಸಕ್ಕೆ ತಡವಾಗುತ್ತಿರುತ್ತದೆ, ಹಿಂದಿನಿಂದ ನನ್ನ ಗಂಡ “ಹೊರಡೇ, ಇನ್ನೂ ಏನು ಕಾಯ್ತಾ ಇದೀಯ?” ಎಂದು ಸಿಡುಕುತ್ತಾರೆ. ನನಗೂ ಮೈ ಉರಿಯುತ್ತದೆ. ಆದರೂ ಒಳಗಿನಿಂದ “ರೈಟ್” ಕೇಳುವವರೆಗೆ ಕಾಲು ಏಳುವುದಿಲ್ಲ.