ಒಂಬತ್ತು ಬಟ್ಟಲಿನ ಪಟ್ಟಿ

ತೈವಾನಿನ ದಕ್ಷಿಣಕ್ಕಿರುವ ನಮ್ಮ ತೈನಾನ್‌ನಲ್ಲಿ ಬೆಳಿಗ್ಗೆ ಐದಕ್ಕೆ ದನದ ಮಾಂಸದ ಸಾರು ಕುಡಿದು, ಏಳಕ್ಕೆ ಮೀನಿನ ಗಂಜಿ ಉಂಡು, ಒಂಬತ್ತಕ್ಕೆ ಅಕ್ಕಿ ಕಡುಬು ತಿಂದವರನ್ನು "ಊಟ ಆಯ್ತಾ?" ಎಂದು ಕೇಳಿ ನೋಡಿ. "ಎಲ್ಲಿ, ಇನ್ನೂ ಇಲ್ಲ" ಎನ್ನುತ್ತಾರೆ. ಅದು ಸುಳ್ಳಲ್ಲ. ಸಣ್ಣ ಬಟ್ಟಲಲ್ಲಿ ಬಂದದ್ದನ್ನು ನಾವು ಊಟವೆಂದು ಎಣಿಸುವುದಿಲ್ಲ. ಈ ನಂಬಿಕೆಯಿಂದಲೇ ನನ್ನ ಮದುವೆಯ ದಿನ ನಮ್ಮ ಮನೆಯ ಮಾನ ಹೋಗುವುದರಲ್ಲಿತ್ತು. ಅದಕ್ಕೆ ಕಾರಣರಾದವರು ಗಾನ್ ಹೊಕ್‌ಸಿಂಗ್. ಆದರೂ ನನ್ನ ಬದುಕಿನಲ್ಲಿ ನಾನು ಯಾರಿಗಾದರೂ ಋಣಿಯಾಗಿದ್ದರೆ ಮೊದಲು ಅವರಿಗೆ.

ಅವರು ನಮ್ಮ ಓಣಿಗೆ ಮೂವತ್ತೊಂದು ವರ್ಷ ಅಂಚೆ ಹಂಚಿದವರು. ಕಡ್ಡಿಯಂಥ ಆಳು. ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಕಾಗದ ಬಂದರೆ ಅವರೇ ಬಾಗಿಲಲ್ಲಿ ನಿಂತು ಓದಿ ಹೇಳುತ್ತಿದ್ದರು. ಮಳೆ ಹೊಯ್ಯುತ್ತಿದ್ದರೂ ಒಳಗೆ ಕಾಲಿಟ್ಟವರಲ್ಲ. "ಅಂಚೆಯವನು ಹೊಸಿಲ ತನಕ, ಅಕ್ಕಾ" ಎಂದು ಟೀ ಲೋಟವನ್ನು ಹೊರಗೇ ಈಸಿಕೊಳ್ಳುತ್ತಿದ್ದರು. ನರ್ಸಿಂಗ್ ಶಾಲೆಯಲ್ಲಿ ನನಗೆ ಸೀಟು ಸಿಕ್ಕ ಕಾಗದವನ್ನು ಮಾತ್ರ ಎರಡು ಸಲ ಓದಿದರು, ಒಮ್ಮೆ ಅಮ್ಮನಿಗೆ, ಇನ್ನೊಮ್ಮೆ ತಮಗೇ. ನಿವೃತ್ತರಾದ ಮೇಲೂ ಅಮ್ಮ ಕಾಗದಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಮನೆಗೇ ಹೋಗುತ್ತಿದ್ದಳು.

ನನ್ನ ಮದುವೆ ಉತ್ತರದ ಕೀಲಂಗ್ ಊರಿನ ಹುಡುಗನೊಂದಿಗೆ ಗೊತ್ತಾಯಿತು. ಗಂಡಿನ ಕಡೆಯವರು ಮೂವತ್ತನಾಲ್ಕು ಜನ ಹಿಂದಿನ ಸಂಜೆಯೇ ಬಂದು ಸ್ಟೇಷನ್ ಹತ್ತಿರದ ವಸತಿಯಲ್ಲಿ ಇಳಿಯುವವರಿದ್ದರು. ಮರುದಿನ ಮಧ್ಯಾಹ್ನ ನಮ್ಮ ಓಣಿಯಲ್ಲೇ ಚಪ್ಪರದಡಿ ಔತಣ. ಇಂಥ ಔತಣದಲ್ಲಿ ದೊಡ್ಡ ಕುರ್ಚಿ ಸೋದರಮಾವನದು. ಮೇಲೆ ದೇವರು, ಕೆಳಗೆ ಸೋದರಮಾವ ಎನ್ನುವ ಜನ ನಾವು. ಅವನು ಕೂತು, ಪಟಾಕಿ ಹೊಡೆದು, ಅವನು ಊಟದ ಜೋಡಿ ಕಡ್ಡಿ ಎತ್ತುವ ತನಕ ಯಾರೂ ತುತ್ತು ಮುಟ್ಟುವಂತಿಲ್ಲ. ಅಮ್ಮನಿಗೋ ಒಡಹುಟ್ಟಿದವರೇ ಇಲ್ಲ. ಅವಳು ಹೊಕ್‌ಸಿಂಗರ ಮನೆಗೆ ಹೋದಳು. ಜೊತೆಗೆ ನಾನೂ ಇದ್ದೆ.

"ಅಣ್ಣಾ, ನಮ್ಮ ಹುಡುಗಿಗೆ ಮಾವನ ಜಾಗದಲ್ಲಿ ನೀವು ಕೂತ್ಕೋಬೇಕು."

"ನಾನಾ? ಸರಿಹೋಯ್ತು. ಯಾರೂ ಸಿಗ್ದೆ ಅಂಚೆಯವನನ್ನ ಹಿಡ್ಕೊಂಡು ಬಂದ್ರು ಅಂತ ಬೀಗರು ನಗ್ತಾರೆ."

"ನಗ್ಲಿ ಬಿಡಿ."

"ಬೇಡ ಅಕ್ಕಾ. ನಿಮ್ಮ ತಲೆ ತಗ್ಗೋ ಕೆಲಸ ನನ್ನಿಂದಾಗೋದು ಬೇಡ. ಬಂದೋರು ಎಲ್ಲಿ ತಿನ್ಬೇಕು, ಏನು ನೋಡ್ಬೇಕು ಅಂತ ಬರ್ದುಕೊಡ್ತೀನಿ. ಈ ಊರಿನ ಬಾಗಿಲೆಲ್ಲಾ ನಂಗೆ ಗೊತ್ತು."

ಅಮ್ಮ ಮನೆಗೆ ಬಂದಳು. ಮಾವನ ಕುರ್ಚಿಗೆಂದು ಅವಳು ಆಗಲೇ ಕೆಂಪು ದಿಂಬು ಹೊಲಿದಿಟ್ಟಿದ್ದಳೆಂದು ನನಗೆ ಅವತ್ತೇ ತಿಳಿದದ್ದು. ಅಪ್ಪ ತನ್ನ ಅಣ್ಣನನ್ನು ಕೂರಿಸೋಣವೆಂದರೆ, "ಖಾಲಿ ಇದ್ರೂ ಪರವಾಗಿಲ್ಲ, ಬೇರೆಯೋರು ಬೇಡ" ಎಂದಳು. ಹಾಗಾದರೆ ಊಟ ಶುರುವಾಗುವುದು ಹೇಗೆ ಎಂದು ಅಪ್ಪ ಕೇಳಿದ. ಅವಳು ದಿಂಬಿನ ಅಂಚಿಗೆ ಇನ್ನೊಂದು ಹೊಲಿಗೆ ಹಾಕತೊಡಗಿದಳು.

ಪಟ್ಟಿ ಮೂರು ದಿನದಲ್ಲಿ ತಯಾರಾಯಿತು, ಮುತ್ತಿನಂಥ ಅಕ್ಷರದಲ್ಲಿ ಮೂವತ್ತನಾಲ್ಕು ಪ್ರತಿ. ಅಂಚೆ ಹಂಚುವ ದಾರಿಯಂತೆ ಒಂದರ ಪಕ್ಕ ಒಂದು, ಒಂಬತ್ತು ಅಂಗಡಿ. 'ಮಾಂಸದ ಸಾರಿಗೆ ಐದೂವರೆಯೊಳಗೆ ಹೋಗಿ, ಆಮೇಲೆ ಮೆತ್ತನೆ ತುಂಡು ಸಿಗದು.' 'ಹಾವುಮೀನಿನ ಅಂಗಡಿಯ ಯಜಮಾನಿ ಬೈಯುತ್ತಾಳೆ. ಅದು ಎಲ್ಲರಿಗೂ ಇರುವುದೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.' 'ಹಳೇ ಗುಡಿಗೆ ಮಂಡಿನೋವಿನವರು ಹಿಂದಿನ ಬಾಗಿಲಿಂದ ಬನ್ನಿ, ಮೆಟ್ಟಿಲಿಲ್ಲ. ಒಳಗಿನ ವಿಗ್ರಹಕ್ಕಿಂತ ಹೊರಗಿನ ಮರದ ನೆರಳು ಚೆನ್ನ. ಮೂರನೇ ಬೆಂಚಿಗೆ ಗಾಳಿ ಬರುತ್ತದೆ.' ಕೊನೆಗೆ ಉಪಚಾರಕ್ಕೆಂದು ಒಂದು ಸಾಲು: 'ಇವಿಷ್ಟೂ ಆಗದಿದ್ದರೆ ತೈನಾನ್‌ಗೆ ಬಂದಂತಲ್ಲ. ಇಂತು, ಹೆಣ್ಣಿನ ಕಡೆಯವರು.'

ಆ ಸಾಲೇ ಕೈಕೊಟ್ಟಿತು.

ಮಧ್ಯಾಹ್ನ ಬೀಗರು ಬಂದರು. ಬಂದರು ಎನ್ನುವುದಕ್ಕಿಂತ ಕಾಲೆಳೆದುಕೊಂಡು ಚಪ್ಪರ ಸೇರಿದರು ಎನ್ನಬೇಕು. ಒಬ್ಬರು ಬೆಲ್ಟ್ ಸಡಿಲಿಸಿಕೊಂಡು ಕಣ್ಣು ಮುಚ್ಚಿ ಕೂತರು. ಮದುಮಗ ನನ್ನ ಕಿವಿಯಲ್ಲಿ ಹೇಳಿದ:

"ಒಂಬತ್ತೂ ಮುಗಿಸಿದ್ವಿ. ಹೆಣ್ಣಿನ ಕಡೆಯೋರು ಬರೆದುಕೊಟ್ಟಿದ್ದನ್ನ ಬಿಟ್ರೆ ಅವಮರ್ಯಾದೆ ಅಂತ ಅಮ್ಮ ಒಬ್ಬರನ್ನೂ ಬಿಡ್ಲಿಲ್ಲ. ಇನ್ನು ಒಂದು ಅಗುಳೂ ಇಳಿಯಲ್ಲ."

ಸುದ್ದಿ ಒಲೆಯ ಕಡೆಗೂ ಹೋಯಿತು. ಹಿಂದಿನ ದಿನದಿಂದ ಬೆಂಕಿಯ ಮುಂದೆ ನಿಂತಿದ್ದ ಅಡುಗೆಯ ಲಿಯೊಂಗ್ ಸೌಟು ಹಿಡಿದೇ ಹೊರಗೆ ಬಂದ.

"ಯಾವನ್ರೀ ಪಟ್ಟಿ ಬರೆದೋನು? ಹನ್ನೆರಡು ಬಗೆ ಮಾಡಿದೀನಿ. ಯಾರ ತಲೆ ಮೇಲೆ ಸುರೀಲಿ?"

ಹೊಕ್‌ಸಿಂಗ್ ಚಪ್ಪರದ ಕಂಬದ ಬಳಿ ನಿಂತಿದ್ದರು. "ನಾನೇ ಕಣೋ. ಬರೀ ತಿಂಡಿ ಬರ್ದಿದ್ದೆ, ಲಿಯೊಂಗ್. ಊಟ ಅಂತ ಒಂದೂ ಬರ್ದಿಲ್ಲ."

ಲಿಯೊಂಗ್‌ನೂ ತೈನಾನ್‌ನವನೇ. ತಿಂಡಿ ಊಟವಲ್ಲವೆಂದು ಅವನೂ ಒಪ್ಪಲೇಬೇಕು, ಎತ್ತಿದ ಸೌಟನ್ನು ಇಳಿಸಿದ. ಆದರೆ ಹೊಕ್‌ಸಿಂಗ್ ತಲೆ ತಗ್ಗಿಸಿ ಸೈಕಲ್ಲಿನ ಕಡೆ ನಡೆದಾಗಿತ್ತು. "ಹುಡುಗಿ ಮದುವೆ ಕೆಡಿಸಿಬಿಟ್ಟೆ, ಅಕ್ಕಾ" ಎಂದರು ಅಮ್ಮನಿಗೆ.

ಅಷ್ಟರಲ್ಲಿ ನನ್ನ ಅತ್ತೆ, ಮದುಮಗನ ತಾಯಿ, ಎದ್ದು ನಿಂತರು. ಕೈಯಲ್ಲಿ ನಾಲ್ಕು ಮಡಿಕೆಯ ಪಟ್ಟಿ. "ಇದನ್ನ ಬರೆದೋರು ಇವರೇನಾ?"

ಅಪ್ಪ ಹೌದೆಂದು ತಲೆಯಾಡಿಸಿದ.

"ನನ್ನ ಮಂಡಿನೋವು ನಿಮಗೆ ಹೇಗೆ ಗೊತ್ತಾಯ್ತು?" ಎಂದರು ಅತ್ತೆ.

"ನೀವೇ ಕಾಗದದಲ್ಲಿ ಬರ್ದಿದ್ರಿ, ತಾಯಿ. ಅಕ್ಕನಿಗೆ ಓದಿ ಹೇಳೋನು ನಾನು."

"ಮೆಟ್ಟಿಲಿಲ್ಲದ ಬಾಗಿಲಲ್ಲಿ ಗುಡಿಗೆ ಹೋದೆ. ಗಂಜಿ ಅಂಗಡೀಲಿ ನಂಗೆ ಅಂತ ಬೆನ್ನಿರೋ ಕುರ್ಚಿ ಹಾಕಿಟ್ಟಿದ್ರು. ಹೋದಲ್ಲೆಲ್ಲಾ 'ಗಾನ್ ಹೇಳಿಹೋಗಿದಾರೆ, ಕೂತ್ಕೊಳ್ಳಿ' ಅಂತಾರೆ. ಆ ಬೈಯೋ ಹೆಂಗಸು ಕೂಡ ನಂಗೆ ಬೈಲಿಲ್ಲ."

ಆಗ ವಿಷಯ ಹೊರಬಿತ್ತು. ಬೆಳಗಿನ ಜಾವ ನಾಲ್ಕಕ್ಕೇ ಸೈಕಲ್ ಹತ್ತಿ, ಬೀಗರಿಗಿಂತ ಮುಂಚೆ ಒಂಬತ್ತೂ ಅಂಗಡಿಗೆ ಹೋಗಿ ಹೇಳಿಬಂದಿದ್ದರು ಈ ಮನುಷ್ಯ. ತಾವು ಮಾತ್ರ ಒಂದು ಬಟ್ಟಲನ್ನೂ ಮುಟ್ಟಿರಲಿಲ್ಲ.

"ಇವರು ಹುಡುಗಿಗೆ ಏನಾಗ್ಬೇಕು?" ಅತ್ತೆ ಕೇಳಿದರು.

"ನಾನು ಅಂಚೆ..." ಎಂದು ಅವರು ಶುರು ಮಾಡುವಷ್ಟರಲ್ಲಿ ಅಮ್ಮ ಅಡ್ಡ ಬಂದಳು. "ನಮ್ಮಣ್ಣ."

"ಮತ್ತೆ ಅವರ ಕುರ್ಚಿ ಯಾಕೆ ಖಾಲಿ ಬಿಟ್ಟಿದೀರಿ? ಮಾವ ನಿಂತಿದ್ರೆ ನಾವು ಉಣ್ಣೋದು ಹೇಗೆ?"

ಅಪ್ಪ ಮತ್ತೊಂದು ಮಾತಿಗೆ ಎಡೆಗೊಡದೆ ಪಟಾಕಿ ಹಚ್ಚಿಬಿಟ್ಟ.

ಹೊಕ್‌ಸಿಂಗ್ ಕೆಂಪು ದಿಂಬಿನ ತುದಿಯಲ್ಲಿ ಕೂತರು. ಕಡ್ಡಿ ಎತ್ತಿದರು. ಮೊದಲ ತುತ್ತು ನಾಚಿಕೆಯಲ್ಲಿ ಹೋಯಿತು. ಆಮೇಲೆ ಹಸಿವು ನಾಚಿಕೆಯನ್ನು ಕೇಳಲಿಲ್ಲ. ನಳ್ಳಿ ಅನ್ನ, ಕೋಳಿ, ಇಡೀ ಮೀನು, ಬಂದದ್ದನ್ನೆಲ್ಲ ಕಣ್ಣಲ್ಲಿ ನೀರು ತುಂಬಿಕೊಂಡೇ ತಿಂದರು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಲಿಯೊಂಗ್‌ನ ಸಿಟ್ಟು ಇಳಿಯಿತು, ತಾನೇ ಬಡಿಸತೊಡಗಿದ. "ಮಾವ ತಿನ್ನೋದು ನೋಡಿದ್ರೆ ನಂಗೂ ಹಸಿವಾಗ್ತಿದೆಯಲ್ಲ" ಎಂದು ಬೆಲ್ಟ್ ಸಡಿಲಿಸಿದ್ದವರೂ ಕಡ್ಡಿ ಹಿಡಿದರು. ಉಳಿದದ್ದು ನಮ್ಮ ಔತಣಗಳ ವಾಡಿಕೆಯಂತೆ ಚೀಲಗಳಿಗೆ ಬಿದ್ದು ಕೀಲಂಗ್ ರೈಲು ಹತ್ತಿತು. ಬೀಗರು ಅದನ್ನು ಎರಡು ದಿನ ಉಂಡರಂತೆ.

ಈಗ ಕೀಲಂಗ್‌ನಲ್ಲಿ ನಮ್ಮವರ ಮದುವೆಗಳಿಗೆ ಬರುವವರಿಗೆ ಪಟ್ಟಿ ಬರೆದುಕೊಡುವುದು ನಾನೇ. ಮೆಟ್ಟಿಲಿಲ್ಲದ ಬಾಗಿಲು ಯಾವುದು, ಗಾಳಿ ಬರುವ ಬೆಂಚು ಯಾವುದು ಎಂದು ಮೊದಲೇ ಹೋಗಿ ನೋಡಿಬರುತ್ತೇನೆ. ಅಂಗಡಿಗಳನ್ನು ಮಾತ್ರ ಮೂರಕ್ಕೇ ನಿಲ್ಲಿಸುತ್ತೇನೆ.

ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಔತಣದ ಮರುಬೆಳಗು. ನನ್ನನ್ನು ಬೀಳ್ಕೊಡಲು ಬಂದ ಹೊಕ್‌ಸಿಂಗ್ ಅಭ್ಯಾಸಬಲದಿಂದ ಹೊಸಿಲಾಚೆಯೇ ನಿಂತು ಟೀಗೆ ಕೈ ಚಾಚಿದರು. ಅಮ್ಮ ಲೋಟವನ್ನು ತರಲಿಲ್ಲ. ಅಡುಗೆಮನೆಯ ಮೇಜಿನ ಮೇಲಿಟ್ಟು, "ಟೀ ಒಳಗಿದೆ, ಅಣ್ಣ" ಎಂದಳು.

ಅವರು ಬಗ್ಗಿ ಬೂಟು ಬಿಚ್ಚಿದರು.