ಹೊಸ್ತಿಲು ಒಂದನ್ನು ಬಿಟ್ಟು

ನಮ್ಮ ನಡುಮನೆಯಲ್ಲಿ ಒಂದು ಗೋಲಿ ಬಿಟ್ಟರೆ ಅದು ನೆಟ್ಟಗೆ ಉರುಳುತ್ತಿರಲಿಲ್ಲ. ಅತ್ತ ಹೋಗಿ, ಇತ್ತ ತಿರುಗಿ, ಕೊನೆಗೆ ಅತ್ತೆಯ ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ಸರ್ಜಾಪುರದ ಕಡೆಯ ಈ ಮನೆಯನ್ನು ಯಾರೂ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ನಡುಮನೆಯದು ಮಾವನ ಕಾಲದ ಕೆಂಪು ಗಾರೆ ನೆಲ. ಅಡುಗೆಮನೆ ಆಮೇಲೆ ಸೇರಿಸಿದ್ದು, ಎರಡು ಬೆರಳು ತಗ್ಗು. ಅತ್ತೆಯ ಕೋಣೆ ಒಂದು ಕಾಲಕ್ಕೆ ದನದ ಕೊಟ್ಟಿಗೆಯಾಗಿತ್ತು. ಗಂಜಲ ಹರಿದುಹೋಗಲೆಂದು ಆಗ ಕೊಟ್ಟಿದ್ದ ಇಳಿಜಾರು ಹಾಗೇ ಉಳಿದಿತ್ತು.

ನಾನು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಮಟ್ಟಸವಾದ ನೆಲದ ಮೇಲೆ ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ಎಡವದ ದಿನವಿಲ್ಲ. "ಪ್ಯಾಟೆ ಉಡುಗೀಗೆ ನಡಿಯಾಕೂ ಬರಾಕಿಲ್ಲ" ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋದ ಮೇಲೂ ಅವರು ಎಡವಲಿಲ್ಲ, ನಾನು ಎಡವುತ್ತಲೇ ಇದ್ದೆ. ಕೈ ಹಿಡಿಯಲು ಹೋದರೆ ಕೊಡವಿಬಿಡುತ್ತಿದ್ದರು. "ಬಿಡು ಕಣಮ್ಮಿ, ನಾನೇನ್ ಸತ್ತೋಗಿದೀನಾ? ನನ್ ಮನೇಲಿ ನಂಗೇ ದಾರಿ ತೋರ್ಸಕ್ ಬತ್ತಾಳೆ!"

ನನ್ನ ಗಂಡನಿಗೆ ಒಂದು ಚಾಳಿಯಿತ್ತು. ಡ್ಯೂಟಿಗೆ ಹೊರಡುವಾಗ ಹೊಸ್ತಿಲ ಮೇಲೆಯೇ ಕೂತು ಶೂ ಹಾಕಿಕೊಳ್ಳುತ್ತಿದ್ದರು. ಕಣ್ಣು ಕಾಣದಿದ್ದರೇನು, ಅತ್ತೆಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. "ಏಳೋ ಮ್ಯಾಕೆ! ಒಸ್ಲು ಮ್ಯಾಲೆ ಕೂತ್ರೆ ಮನೆಗೆ ದರಿದ್ರ ಬತ್ತದೆ."

"ಇನ್ನೆಲ್ಲಿಂದ ಬರ್ಬೇಕವ್ವ ದರಿದ್ರ, ಆಗ್ಲೇ ಶೂ ಹಾಕ್ಕೊಂಡು ಕೂತಿದೆಯಲ್ಲ" ಎಂದು ಇವರು ನಗುತ್ತಿದ್ದರು. ದಿನಾ ಅದೇ ಬೈಗುಳ, ಅದೇ ಉತ್ತರ.

ನೆಲಕ್ಕೆ ಮಾರ್ಬಲ್ ಟೈಲ್ಸ್ ಹಾಕಿಸಬೇಕೆಂದು ಹಟ ಹಿಡಿದವರೂ ನನ್ನ ಗಂಡನೇ. ಮಾರತ್ತಹಳ್ಳಿಯ ಅಂಗಡಿಯಿಂದ ಪೆಟ್ಟಿಗೆಗಳು ಬಂದು ನಡುಮನೆಯ ಗೋಡೆಗೆ ಒರಗಿ ಕೂತವು. ಹಾಕಿಸುವ ಮೊದಲೇ ಅವರ ಎದೆ ನಿಂತುಹೋಯಿತು. ಕಾರ್ಖಾನೆಯಿಂದ ಫೋನ್ ಬಂದಾಗ ನಾನು ಅನ್ನಕ್ಕೆ ಇಟ್ಟಿದ್ದೆ. ಫೋನ್ ಇಟ್ಟವಳು ಅನ್ನ ಬಸಿದು ಮುಚ್ಚಿಟ್ಟೇ ಹೊರಟೆ. ಅದು ಈಗಲೂ ನೆನಪಿದೆ.

ಆಮೇಲೆ ಬಂದವರೆಲ್ಲ "ಅತ್ತುಬಿಡಮ್ಮ, ಹಗುರಾಗುತ್ತೆ" ಎಂದರು. ಅಳು ಬಂದರೆ ತಾನೇ ಅಳುವುದು! ಒಳಗೆಲ್ಲ ಮರಗಟ್ಟಿತ್ತು. ಅತ್ತೆಯೂ ನನ್ನ ಮುಂದೆ ಅಳಲಿಲ್ಲ. ಇಬ್ಬರೂ ಊಟ ಮಾಡುತ್ತಿದ್ದೆವು, ಮಲಗುತ್ತಿದ್ದೆವು, ಪೆಟ್ಟಿಗೆಗಳ ಪಕ್ಕ ಓಡಾಡುತ್ತಿದ್ದೆವು. ನನಗೆ ಉಳಿದಿದ್ದ ಭಯ ಒಂದೇ. ಕಣ್ಣು ಕಾಣದ ಮುದುಕಿ ಈ ಹಾಳು ನೆಲದಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಎತ್ತಿ ಕೂರಿಸುವ ಮಗ ಇನ್ನಿಲ್ಲ. ವರ್ಷದ ತಿಥಿ ಆಗುವವರೆಗೆ ಮನೆ ಕೆಲಸ ಮುಟ್ಟಬಾರದು ಎಂದು ನೆಂಟರು ರಾಗ ಎಳೆದರು. "ನನ್ ಮಗ ತಂದಿಟ್ಟದ್ದು. ಆಕ್ಸು" ಎಂದರು ಅತ್ತೆ.

ಬೆಳಿಗ್ಗೆ ಸರ್ಕಲ್ಲಿನಲ್ಲಿ ಕೂಲಿಯವರು ನಿಲ್ಲುವ ಜಾಗಕ್ಕೆ ಹೋಗಿ ಕೇಳಿದೆ. ಯಾದಗಿರಿ ಕಡೆಯ ಒಬ್ಬ ಟೈಲ್ಸ್ ಮೇಸ್ತ್ರಿ ನನ್ನ ಜೊತೆಗೇ ಬಂದ. ಪಾರದರ್ಶಕ ಪೈಪಿಗೆ ನೀರು ತುಂಬಿ, ಗೋಡೆಯಿಂದ ಗೋಡೆಗೆ ಹಿಡಿದು, ನೀರು ನಿಂತ ಕಡೆ ಪೆನ್ಸಿಲ್ ಗುರುತು ಹಾಕುತ್ತ ಹೋದ. ಕೊಟ್ಟಿಗೆಯ ಕೋಣೆಗೆ ಬಂದಾಗ ತಲೆ ಕೆರೆದುಕೊಂಡ.

"ಅಕ್ಕಾರ, ಇದು ನೆಲ ಅಲ್ರೀ, ಗುಡ್ಡ ಐತಿ."

"ಗುಡ್ಡಾನೋ ಹಳ್ಳಾನೋ, ನಂಗೆ ಮಟ್ಟ ಆಗ್ಬೇಕು ಕಣಪ್ಪ. ನೀರು ಚೆಲ್ಲಿದ್ರೆ ಎಲ್ಲಿಗೆ ಹೋಗೋದು ಅಂತ ಅದು ಯೋಚ್ನೆ ಮಾಡ್ಬೇಕು, ಅಷ್ಟು ಮಟ್ಟ."

"ಮಾಡ್ತೀನ್ರೀ. ಹೊಸ್ತಲಾ ಒಂದು ಮುಟ್ಟಾಂಗಿಲ್ಲ ನೋಡ್ರಿ. ಅದು ಹ್ಯಾಂಗೈತಿ ಹಂಗ ಬಿಡ್ತೀನಿ."

ಅರಿಶಿನ ಹಚ್ಚಿದ ಹೊಸ್ತಿಲನ್ನು ಕೀಳಿಸಲು ನನಗೂ ಮನಸ್ಸಿರಲಿಲ್ಲ. ಒಪ್ಪಿಕೊಂಡೆ.

ಮೇಲಿನ ಬಾಡಿಗೆ ರೂಮು ಖಾಲಿಯಿತ್ತು. ಇಬ್ಬರೂ ಅಲ್ಲಿಗೆ ಹೋದೆವು. ಅಲ್ಲಿ ಅತ್ತೆಗೆ ಏನೂ ತಿಳಿಯುತ್ತಿರಲಿಲ್ಲ. ಬಚ್ಚಲಿಗೂ ನಾನೇ ಕೈ ಹಿಡಿದು ಕರೆದೊಯ್ಯಬೇಕಿತ್ತು. ಮುಖ ಗಂಟಿಕ್ಕಿಕೊಂಡೇ ಬರುತ್ತಿದ್ದರು. "ಕೆಳೀಕ್ ಓಗಾವರ್ಗೂ ಅಷ್ಟೇ ಕಣಮ್ಮಿ. ಆಮ್ಯಾಕೆ ನಿನ್ ಅಂಗು ನಂಗಿಲ್ಲ." ಕೆಳಗೆ ಹಳೆ ಗಾರೆಯನ್ನು ಕೊಚ್ಚುವ ಸದ್ದು. ಕೆಂಪು ಧೂಳು ಮೆಟ್ಟಿಲು ಹತ್ತಿ ನಮ್ಮ ಹಾಸಿಗೆಯವರೆಗೂ ಬಂತು. ನಾವು ಸಂಸಾರ ಮಾಡಿದ ನೆಲ ಚೂರುಚೂರಾಗಿ ಮೂಟೆ ಸೇರುವುದನ್ನು ನಿಂತು ನೋಡಿದೆ. ಏನೂ ಅನ್ನಿಸಲಿಲ್ಲ, ತಲೆನೋವು ಬಂತು ಅಷ್ಟೇ.

ತಗ್ಗಿಗೆಲ್ಲ ಜಲ್ಲಿ ಸಿಮೆಂಟು ತುಂಬಿ, ನೀರು ಕಟ್ಟಿ, ಒಣಗಿಸಿ, ಮೇಲೆ ಟೈಲ್ಸ್ ಕೂರಿಸಿ, ಸಂದಿಗೆ ಬಿಳಿ ಸಿಮೆಂಟು ತೀಡಿದ ಮೇಲೆ ಮೇಸ್ತ್ರಿ ನನ್ನನ್ನು ಕರೆದ. ಸಕ್ಕತ್ತಾಗಿತ್ತು, ಸುಳ್ಳು ಹೇಳಬಾರದು. ಅಡುಗೆಮನೆಯಿಂದ ಕೊಟ್ಟಿಗೆಯ ಕೋಣೆಯವರೆಗೆ ಒಂದೇ ಸಮ, ಬೆಳ್ಳಗೆ.

ಅತ್ತೆಯನ್ನು ಕೆಳಗೆ ಕರೆತಂದೆ. ಹೊಸ್ತಿಲು ಕಾಲಿಗೆ ಸಿಕ್ಕಿದ ಕೂಡಲೇ ನನ್ನ ಕೈ ಕೊಡವಿದರು. ಬಲಗಾಲಿಟ್ಟು ಒಳಗೆ ಹೋದರು, ಜೋರಾಗಿಯೇ ಹೋದರು. ನಡುಮನೆಯ ಮಧ್ಯಕ್ಕೆ ಬಂದವರು ನಿಂತರು. ಕಾಲ್ಬೆರಳಿನಿಂದ ನೆಲ ತಡಕಿದರು. ಆ ಕಡೆ, ಈ ಕಡೆ ಕಾಲು ಸವರಿದರು.

"ಆ ತಗ್ಗು ಎಲ್ಲಮ್ಮಿ?"

"ಯಾವ ತಗ್ಗು ಅತ್ತೆ? ಎಲ್ಲಾ ಮಟ್ಟ ಮಾಡ್ಸಿದೀವಲ್ಲ."

"ಒಲೆ ತಾವ ಓಗಾಕೆ ಇತ್ತಲ್ಲ, ಅದು." ಮತ್ತೊಮ್ಮೆ ಕಾಲು ಆಡಿಸಿದರು. "ಇದ್ಯಾರ್ ಮನೆ ಕಣಮ್ಮಿ?"

ಆ ಉಬ್ಬು ತಗ್ಗುಗಳೇ ಅವರ ಕಣ್ಣಾಗಿದ್ದವು. ನನಗೆ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಮೇಸ್ತ್ರಿ "ಚಲೋ ಆಗೈತಲ್ರೀ ಅಮ್ಮಾರ?" ಎಂದು ಕೇಳುತ್ತಲೇ ಇದ್ದ. ಮುಂದಿನ ದಿನಗಳಲ್ಲಿ ಬಚ್ಚಲಿಗೆಂದು ಹೊರಟವರು ಬೀರುವಿಗೆ ಹಣೆ ಬಡಿಸಿಕೊಂಡರು. ಗುರುತಿಗಿರಲಿ ಎಂದು ಚಾಪೆ ಹಾಸಿದೆ, ನುಣುಪು ನೆಲದಲ್ಲಿ ಅದು ಸರಿದುಹೋಯಿತು. ಗೋಣಿಚೀಲ ಹಾಸಿದೆ, ಅದೂ ಅಷ್ಟೇ. ಮೊದಮೊದಲು ನನ್ನನ್ನು ಕೂಗುತ್ತಿದ್ದರು. ಆಮೇಲೆ ಕೂಗುವುದನ್ನೂ ಬಿಟ್ಟರು. ಚೊಂಬಿನ ನೀರು ಹಾಗೇ ಉಳಿಯತೊಡಗಿತು. ಬಚ್ಚಲಿಗೆ ಹೋಗಲು ನನ್ನ ಕೈ ಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ, ಸತ್ತವರ ಮೇಲೆಯೇ.

ಒಂದು ಸಂಜೆ ಹಾಲು ತರಲು ಹೋಗಿದ್ದೆ. ಬಂದು ನೋಡಿದರೆ ಅತ್ತೆ ಹೊಸ್ತಿಲ ಮೇಲೆ ಕೂತಿದ್ದಾರೆ. ಅದೂ ದೀಪ ಹಚ್ಚುವ ಹೊತ್ತಿನಲ್ಲಿ. ಮರದ ಮೇಲೆ ಅಂಗೈ ಆಡಿಸುತ್ತಿದ್ದರು.

"ಅತ್ತೆ, ಇದೇನು ಇಲ್ಲಿ?"

"ಗ್ವಾಡೆ ಇಡ್ಕೊಂಡ್ ಬಂದೆ. ಇದೊಂದೇ ಕಣಮ್ಮಿ ನಂಗ್ ಗುರ್ತು ಸಿಗಾದು." ಮರವನ್ನು ಮತ್ತೊಮ್ಮೆ ಸವರಿದರು. "ಅವ್ನು ಇಲ್ಲೇ ಕೂತ್ಕತಿದ್ದ. ದಿನಾ ಬೈದು ಬೈದು ಎಬ್ಬುಸ್ತಿದ್ದೆ."

ಏಳಿ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಒಂದು ಪಕ್ಕಕ್ಕೆ ಸರಿದು, ಗಾಳಿಯಲ್ಲಿ ಕೈ ಚಾಚಿ ನನ್ನ ಕೈ ಹುಡುಕಿದರು.

"ಇನ್ನೆಲ್ಲಿಂದ ಬರ್ಬೇಕು ದರಿದ್ರ. ಬಾ, ಕೂತ್ಕ."

ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಅವರ ಪಕ್ಕ ಕೂತೆ. ಕೂತ ಮೇಲೆ ನನಗೆ ಅಳು ಬಂತು.